ಕೆಲಸ ಬಿಡುವವರೇ, ಕೊನೆಯ ಲೆಕ್ಕಕ್ಕೆ ಸಹಿ ಹಾಕುವ ಮುನ್ನ

ಕೊಪ್ಪಳದ ಬಳಿಯ ಕಾರ್ಖಾನೆಯೊಂದನ್ನು ಬಿಟ್ಟ ನನ್ನ ತಮ್ಮ ಲೆಕ್ಕದ ಹಾಳೆಯನ್ನು ಓದದೆಯೇ ಸಹಿ ಹಾಕಲು ಹೊರಟಿದ್ದ. ತಡೆದು ನೋಡಿದರೆ ಗ್ರಾಚ್ಯುಟಿಯನ್ನು (ಸೇವೆಯ ವರ್ಷಗಳನ್ನು ಲೆಕ್ಕ ಹಾಕಿ ಕೆಲಸ ಬಿಡುವಾಗ ಕೊಡುವ ಹಣ) ಏಳು ವರ್ಷಕ್ಕೆ ಮಾತ್ರ ಹಿಡಿದಿದ್ದರು. ಅವನ ಸೇವೆ 7 ವರ್ಷ 8 ತಿಂಗಳು. ಆರು ತಿಂಗಳು ಮೀರಿದರೆ ಪೂರ್ಣ ವರ್ಷವೆಂದೇ ಎಣಿಸಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 8ರಿಂದ ಗುಣಿಸಿದರೆ 60,000. ಅವರು ಬರೆದದ್ದು 52,500! ನಮ್ಮಂಥ ಮನೆಗೆ ಏಳೂವರೆ ಸಾವಿರ ಸಣ್ಣ ಮೊತ್ತವಲ್ಲ. ಬರವಣಿಗೆಯಲ್ಲಿ ಕೇಳಿದ ಮೇಲೆ ಸರಿಪಡಿಸಿದರು.

ಉಳಿದ ರಜೆಯ ಹಣ, ನೋಟಿಸ್ ಅವಧಿಯ ಕಡಿತವನ್ನೂ ನೇಮಕಾತಿ ಪತ್ರದೊಂದಿಗೆ ತಾಳೆ ನೋಡಿ. ಪಿಎಫ್ ಬೇರೆ, ಅದರ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಪರಿಶೀಲಿಸಿ. ಗ್ರಾಚ್ಯುಟಿ 30 ದಿನಗಳೊಳಗೆ ಬರಬೇಕು. ‘ಎಲ್ಲ ಬಾಕಿ ಸಂದಿದೆ’ ಎಂಬ ಸಾಲಿಗೆ ಹಣ ಕೈಸೇರುವ ಮುನ್ನ ದಯವಿಟ್ಟು ಸಹಿ ಹಾಕಬೇಡಿ. ತಕರಾರಾದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಿ.