ಕಾರಿಗೆ ಗೀರು ಬಿತ್ತಾ? ರಬ್ಬಿಂಗ್ ಕಾಂಪೌಂಡ್ ಹಚ್ಚೋ ಮುಂಚೆ ಉಗುರು ಆಡಿಸಿ ನೋಡಿ

ನಮ್ಮ ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಒಂದು ಕಂಬ ಇದೆ, ಅದರ ಮೈಮೇಲೆ ನಾಲ್ಕೈದು ಬಣ್ಣದ ಪಟ್ಟೆ, ಅದ್ರಲ್ಲಿ ಸಿಲ್ವರ್ ಕಲರ್ ಪಟ್ಟೆ ನಂದೇ. ಗ್ಯಾರೇಜಿಗೆ ಹೋದ್ರೆ ಒಂದು ಗೇಣು ಗೀರಿಗೂ ಇಡೀ ಬಾಗಿಲು ಪೇಂಟ್ ಮಾಡ್ಬೇಕು ಅಂತಾರೆ, ಅವ್ರದ್ದು ಪ್ಯಾನೆಲ್ ಲೆಕ್ಕ. ಸುಮಾರು ಗೀರುಗಳನ್ನ ಮನೇಲೇ ಸರಿ ಮಾಡ್ಬಹುದು, ಆದ್ರೆ ಎಲ್ಲಾನೂ ಅಲ್ಲ.

ಮೊದಲು ಒಂದು ವಿಷ್ಯ ತಲೇಲಿಟ್ಕೊಳಿ. ತಗಡಿನ ಮೇಲೆ ಪ್ರೈಮರ್ (ಬಣ್ಣ ಹಿಡಿಯೋಕೆ ಮೊದಲು ಬಳಿಯೋ ಪದರ), ಅದ್ರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಹೊಳಪು ಕೊಡೋ ಕ್ಲಿಯರ್ ಕೋಟ್, ಇಷ್ಟೂ ಸೇರಿ ದಪ್ಪ ಸುಮಾರು 100 ಮೈಕ್ರಾನ್, ಅಂದ್ರೆ ಹೆಚ್ಚುಕಮ್ಮಿ ಒಂದು ಜೆರಾಕ್ಸ್ ಹಾಳೆಯಷ್ಟು. ಕ್ಲಿಯರ್ ಕೋಟ್ ಅದ್ರಲ್ಲಿ ಅರ್ಧಕ್ಕಿಂತ ಕಮ್ಮಿ. ನಾವು ಉಜ್ಜಿದಾಗ ಗೀರು ತುಂಬ್ಕೊಳಲ್ಲ, ಅದ್ರ ಅಕ್ಕಪಕ್ಕದ ಕ್ಲಿಯರ್ ಕೋಟ್ ಸವೆದು ಗೀರಿನ ಮಟ್ಟಕ್ಕೆ ಇಳಿಯತ್ತೆ ಅಷ್ಟೇ, ಹಾಗಾಗಿ ಪ್ರತಿ ಸಲ ಉಜ್ಜಿದಾಗ್ಲೂ ಇರೋ ಗಂಟನ್ನ ಖರ್ಚು ಮಾಡ್ತಿದೀವಿ ಅಂತಲೇ ಅರ್ಥ.

ಗಾಡಿನ ನೆರಳಲ್ಲಿ ನಿಲ್ಸಿ ಶ್ಯಾಂಪೂ ಹಾಕಿ ಚೆನ್ನಾಗಿ ತೊಳೀರಿ, ಒಂದು ಮಣ್ಣಿನ ಕಣ ಉಳಿದ್ರೂ ಉಜ್ಜೋವಾಗ ಹೊಸ ಗೀರು ಗ್ಯಾರಂಟಿ. ಒಣಗಿದ ಮೇಲೆ ಗೀರಿನ ಮೇಲೆ ಸ್ವಲ್ಪ ನೀರು ಹಚ್ಚಿ. ನೀರಿದ್ದಾಗ ಗೀರು ಮಾಯ ಆದ್ರೆ ಅದು ಬರೀ ಕ್ಲಿಯರ್ ಕೋಟಲ್ಲಿರೋದು. ಆಮೇಲೆ ಉಗುರನ್ನ ಅಡ್ಡಡ್ಡ ಮೆಲ್ಲಗೆ ಆಡಿಸಿ, ಸಿಕ್ಕಿಹಾಕ್ಕೊಳ್ಳದೆ ಜಾರಿದ್ರೆ ನೀವು ಬಚಾವ್. ಸಿಕ್ಕಿಕೊಂಡ್ರೆ ಆಳ ಇದೆ, ರಬ್ಬಿಂಗ್ ಕಾಂಪೌಂಡ್‌ಗೆ (ಪೇಂಟಿನ ಮೇಲ್ಪದರನ ಮೆಲ್ಲಗೆ ಸವೆಸೋ ಪೇಸ್ಟ್) ಬಗ್ಗಲ್ಲ.

ಕೆಲವೊಮ್ಮೆ ಅದು ಗೀರೇ ಆಗಿರಲ್ಲ, ಕಂಬದ್ದೋ ಇನ್ನೊಂದು ಗಾಡಿದೋ ಬಣ್ಣ ನಮ್ಮ ಗಾಡಿಗೆ ಮೆತ್ಕೊಂಡಿರತ್ತೆ. ನಂದು ಮುಕ್ಕಾಲು ಭಾಗ ಕಂಬದ ಹಳದಿ ಬಣ್ಣವೇ! ಡಬ್ಲ್ಯೂಡಿ-40 (ತುಕ್ಕು ಬಿಡಿಸೋಕೆ ಹೊಡಿಯೋ ಎಣ್ಣೆ ಸ್ಪ್ರೇ) ಬಟ್ಟೆಗೆ ಹಾಕಿ ಒರೆಸಿದ್ರೆ ಎಷ್ಟೋ ಹೋಗತ್ತೆ. ಥಿನ್ನರ್ ಮಾತ್ರ ಬೇಡ, ಅದು ನಿಮ್ಮ ಗಾಡಿ ಪೇಂಟನ್ನೂ ಮೆತ್ತಗೆ ಮಾಡತ್ತೆ.

ಉಗುರಿಗೆ ಸಿಗದ ಗೀರಿಗೆ ರಬ್ಬಿಂಗ್ ಕಾಂಪೌಂಡ್ ಸಾಕು. ಮೈಕ್ರೋಫೈಬರ್ ಬಟ್ಟೆಗೆ ಕಡ್ಲೆಕಾಳಷ್ಟು ತಗೊಂಡು ಅಂಗೈಯಗಲ ಜಾಗದಲ್ಲಿ ಉಜ್ಜಿ, ಒಣಗೋಕೆ ಮುಂಚೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಬೇಕಿದ್ರೆ ಇನ್ನೊಂದು ಸಲ. ಮುಗಿದ್ಮೇಲೆ ಸ್ವಲ್ಪ ಮಬ್ಬು ಉಳಿಯತ್ತೆ, ಅದಕ್ಕೆ ಪಾಲಿಶ್, ಅದ್ರ ಮೇಲೆ ವ್ಯಾಕ್ಸ್. ಕಪ್ಪು ಗಾಡಿಯವ್ರು ಪಾಲಿಶ್ ಬಿಡಲೇಬೇಡಿ, ಬಿಸಿಲಲ್ಲಿ ಜೇಡರ ಬಲೆ ಥರ ಕಾಣತ್ತೆ. ಟೂತ್‌ಪೇಸ್ಟ್ ವಿಡಿಯೋಗಳು ಪೂರ್ತಿ ಸುಳ್ಳಲ್ಲ, ಅದೂ ಒಂಥರ ಸವೆಸೋ ಪದಾರ್ಥವೇ, ಆದ್ರೆ ಕಾಂಪೌಂಡ್‌ನಷ್ಟು ಕೆಲ್ಸ ಮಾಡಲ್ಲ. ಕೊಬ್ಬರಿ ಎಣ್ಣೆ ಬರೀ ಮುಚ್ಚಿಡತ್ತೆ, ಮುಂದಿನ ವಾಶ್‌ಗೆ ಮತ್ತೆ ಪ್ರತ್ಯಕ್ಷ.

ಕಾಂಪೌಂಡಲ್ಲಿ ಹೋಗ್ತಿಲ್ಲ, ಉಗುರಿಗೂ ಸರಿಯಾಗಿ ಸಿಗ್ತಿಲ್ಲ ಅಂದ್ರೆ 2000 ನಂಬರ್ ವಾಟರ್ ಪೇಪರ್, ಅಂದ್ರೆ ನೀರಲ್ಲಿ ನೆನೆಸಿ ಉಜ್ಜೋ ತುಂಬಾ ನಯವಾದ ಮರಳು ಕಾಗದ. ಸೋಪ್ ನೀರಲ್ಲಿ ಹತ್ತು ನಿಮಿಷ ನೆನೆಸಿ, ಭಾರ ಹಾಕ್ದೆ ನಾಲ್ಕೈದು ಸಲ ಎಳೆದು ಒರೆಸಿ ನೋಡಿ. ಇಳಿಯೋ ನೀರು ಹಾಲಿನ ಥರ ಬಿಳಿ ಇರ್ಬೇಕು. ಗಾಡಿ ಬಣ್ಣ ಬಂತು ಅಂದ್ರೆ ನಿಲ್ಸಿ, ಕ್ಲಿಯರ್ ಕೋಟ್ ಮುಗೀತು (ಕ್ಲಿಯರ್ ಕೋಟ್ ಇಲ್ಲದ ಕೆಲವು ಹಳೇ ಗಾಡಿಗಳಲ್ಲಿ ಬಣ್ಣ ಬಂದೇ ಬರತ್ತೆ, ಬಿಳಿ ಗಾಡಿಯವ್ರಿಗೆ ಈ ಗುರುತು ಸಿಗಲ್ಲ, ಅವ್ರು ಇನ್ನೂ ಹುಷಾರು). ನಾನು ಬಾಗಿಲಿನ ಅಂಚಲ್ಲಿ ಹೀಗೆ ಉತ್ಸಾಹದಲ್ಲಿ ತಿಕ್ಕಿ ಪ್ರೈಮರ್ ಕಾಣಿಸ್ಬಿಟ್ಟೆ, ಅಂಚು ಮತ್ತೆ ಮಡಿಕೆಗಳ ಮೇಲೆ ಒತ್ತಡವೆಲ್ಲಾ ಒಂದೇ ಗೆರೆಗೆ ಬೀಳತ್ತೆ, ಅಲ್ಲಿ ಪೇಪರ್ ಇಡಲೇಬೇಡಿ. ಮಾಮೂಲಿ ಜಾಗದಲ್ಲಿ ಸರಿಯಾಗಿ ಮಾಡಿದ್ರೂ ಮೇಲ್ಮೈ ಮಂಕಾಗತ್ತೆ, ಹೆದರ್ಬೇಡಿ, ಕಾಂಪೌಂಡ್ ಹಾಕಿದ್ರೆ ಹೊಳಪು ವಾಪಸ್.

ಇನ್ನು ತಗಡೋ ಪ್ರೈಮರೋ ಕಂಡ್ರೆ ಚಿಕ್ಕ ಬಾಟಲೀಲಿ ಬರೋ ಟಚ್‌ಅಪ್ ಪೇಂಟೇ ಗತಿ. ಬಿಳಿ ಅಂತ ಕೇಳಿದ್ರೆ ಆಗಲ್ಲ, ಮಾರುತಿ ಒಂದ್ರಲ್ಲೇ ಸುಪೀರಿಯರ್ ವೈಟ್ ಬೇರೆ, ಪರ್ಲ್ ಆರ್ಕ್ಟಿಕ್ ವೈಟ್ ಬೇರೆ. ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರೋ ಸ್ಟಿಕ್ಕರ್, ಪ್ಲೇಟಲ್ಲಿ ಕಲರ್ ಕೋಡ್ ಹುಡುಕಿ. ತುಕ್ಕು ಹಿಡಿದಿದ್ರೆ ಪೂರ್ತಿ ಕೆರೆದು ತೆಗೀರಿ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ತಗಡು ಕಾಣ್ತಿದ್ರೆ ಮೊದಲು ಪ್ರೈಮರ್. ಬಾಟಲಿ ಚೆನ್ನಾಗಿ ಅಲ್ಲಾಡ್ಸಿ, ಮೆಟಾಲಿಕ್ ಆದ್ರೆ ಪುಡಿ ತಳಕ್ಕೆ ಕೂತಿರತ್ತೆ. ಬಾಟಲಿ ಜೊತೆ ಬರೋ ಬ್ರಶ್ ದಪ್ಪ, ಅದನ್ನ ಬಿಟ್ಟು ಟೂತ್‌ಪಿಕ್ ತುದಿಯಿಂದ ಗೀರಿನೊಳಗೆ ಮಾತ್ರ ತೆಳ್ಳಗೆ ಇಳಿಸಿ, ಒಣಗಿದ ಮೇಲೆ ಇನ್ನೊಂದು, ಮತ್ತೊಂದು, ಕೊನೇಗೆ ಕ್ಲಿಯರ್. ಒಂದು ವಾರ ಬಿಟ್ಟು ಉಬ್ಬಿರೋದನ್ನ ವಾಟರ್ ಪೇಪರಲ್ಲಿ ಮಟ್ಟ ಮಾಡಿ. ಸಿಲ್ವರ್ ಗಾಡೀಲಿ ಹತ್ರ ಬಂದು ನೋಡಿದ್ರೆ ಗೊತ್ತಾಗತ್ತೆ, ಅದನ್ನ ಒಪ್ಕೊಬೇಕು. ಮಳೆ ಹಿಡಿದಾಗ ಈ ಕೆಲ್ಸ ಬೇಡ, ತೇವಕ್ಕೆ ಕ್ಲಿಯರ್ ಬೆಳ್ಳಗಾಗ್ಬಹುದು. ಆದ್ರೆ ಮಂಗ್ಳೂರು, ಕಾರವಾರ ಕಡೆಯವ್ರು ಉಪ್ಪು ಗಾಳೀಲಿ ತಗಡು ತುಂಬಾ ದಿನ ಬಿಡಂಗಿಲ್ಲ, ಸದ್ಯಕ್ಕೆ ಪ್ರೈಮರ್ ಆದ್ರೂ ಮುಟ್ಸಿ. ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ, ಅದಕ್ಕೆ ಆತುರ ಬೇಡ.

ಗೀರಿನ ಜೊತೆ ನೆಗ್ಗೂ ಇದ್ರೆ ಡೆಂಟಿಂಗ್‌ನವ್ರ ಹತ್ರಾನೇ ಹೋಗಿ. ಇನ್ಶೂರೆನ್ಸ್ ಕ್ಲೇಮ್ ಮಾಡೋ ಮುಂಚೆ ನೋ ಕ್ಲೇಮ್ ಬೋನಸ್ ಎಷ್ಟಾಗಿದೆ ನೋಡ್ಕೊಳಿ, ಐದು ವರ್ಷ ಕ್ಲೇಮ್ ಮಾಡ್ದೆ ಇದ್ರೆ ಸ್ವಂತ ಗಾಡಿ ಡ್ಯಾಮೇಜ್ ಪ್ರೀಮಿಯಮ್‌ನಲ್ಲಿ 50% ಕಮ್ಮಿ ಆಗಿರತ್ತೆ, ಒಂದು ಬಾಗಿಲಿಗೋಸ್ಕರ ಅದು ಕೈಬಿಟ್ರೆ ಎಷ್ಟು ಲಾಸು ಅಂತ ಲೆಕ್ಕ ಹಾಕಿ ಆಮೇಲೆ ಫೋನ್ ಮಾಡಿ.