ತೀವ್ರತೆ ಒಂದು, ಖುಷಿ ಇನ್ನೊಂದು: ರೋಲರ್ ಕೋಸ್ಟರ್ ಹಳಿಯ ಲೆಕ್ಕ ಮಾಡುತ್ತಾ ನಾನು ಕಲಿತದ್ದು

ರೋಲರ್ ಕೋಸ್ಟರ್ ಹಳಿಗಳ ವಿನ್ಯಾಸದ ಲೆಕ್ಕ ಮಾಡುವುದು ನನ್ನ ವೃತ್ತಿ. ಹಳಿ ಎಲ್ಲಿ ಏರಬೇಕು, ಎಲ್ಲಿ ಬಾಗಬೇಕು, ಬಾಗುವಾಗ ಎಷ್ಟು ಓರೆಯಾಗಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಗುರುತಿಸಿ, ದಾರಿಯ ಪ್ರತಿಯೊಂದು ಬಿಂದುವಿನಲ್ಲೂ ಸವಾರರ ಮೈಮೇಲೆ ಬೀಳುವ ಬಲ ಎಷ್ಟೆಂದು ಕಂಡುಹಿಡಿಯುತ್ತೇನೆ. ನಾನೊಬ್ಬನೇ ಹೊಣೆ ಹೊತ್ತು ರೂಪಿಸಿದ ಮೊದಲ ಹಳಿಯ ಲೆಕ್ಕದಲ್ಲಿ ಯಾವ ದೋಷವೂ ಇರಲಿಲ್ಲ. ಎಲ್ಲ ಬಲಗಳೂ ಸುರಕ್ಷತಾ ಮಾನದಂಡಗಳ ಮಿತಿಯೊಳಗೇ ಇದ್ದವು. ಆದರೆ ಮೊದಲ ಪರೀಕ್ಷಾ ಸವಾರಿ ಮುಗಿಸಿ ಇಳಿದ ಸಹೋದ್ಯೋಗಿಗಳಲ್ಲಿ ಒಬ್ಬರ ಮುಖದಲ್ಲೂ ನಗುವಿರಲಿಲ್ಲ. ಹಿರಿಯರೊಬ್ಬರು ಕತ್ತು ನೀವಿಕೊಳ್ಳುತ್ತಾ, “ಜೋರಾಗಿದೆ, ಅದರಲ್ಲಿ ಎರಡು ಮಾತಿಲ್ಲ” ಎಂದರು. ಇನ್ನೊಂದು ಸುತ್ತು ಹೋಗೋಣವೇ ಎಂದು ಕೇಳಿದ್ದಕ್ಕೆ ಅವರು ತಲೆಯಲ್ಲಾಡಿಸಿ, “ಇವತ್ತಿಗೆ ಸಾಕು” ಎಂದುಬಿಟ್ಟರು. ಜೋರಾಗಿರುವುದಕ್ಕೂ ಖುಷಿ ಕೊಡುವುದಕ್ಕೂ ನಡುವೆ ಇರುವ ಅಂತರವನ್ನು ನಾನು ಅಳೆದೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಅಂದಿನಿಂದ ಟಿಪ್ಪಣಿ ಪುಸ್ತಕವೊಂದನ್ನು ಇಟ್ಟುಕೊಂಡೆ. ಪ್ರತಿ ಸವಾರಿಗೂ ಹತ್ತರಲ್ಲಿ ಎರಡು ಅಂಕ, ತೀವ್ರತೆಗೆ ಒಂದು, ಖುಷಿಗೆ ಒಂದು. ಇಳಿದ ಐದು ನಿಮಿಷದೊಳಗೆ, ಮಾಪಕದ ಗ್ರಾಫ್ ನೋಡುವ ಮೊದಲೇ ಅಂಕ ಬರೆಯಬೇಕೆಂಬುದು ನಾನೇ ಹಾಕಿಕೊಂಡ ಕಟ್ಟುಪಾಡು, ಏಕೆಂದರೆ ಗ್ರಾಫ್ ಕಂಡ ಮೇಲೆ ಮೈ ಹೇಳಿದ್ದು ಮರೆತುಹೋಗಿ ಯಂತ್ರ ಹೇಳಿದ್ದೇ ನಮ್ಮ ಅನಿಸಿಕೆಯಾಗಿಬಿಡುತ್ತದೆ. ಮೂರೂ ದಿಕ್ಕುಗಳ ವೇಗೋತ್ಕರ್ಷವನ್ನು ದಾಖಲಿಸುವ ಸಣ್ಣ ಮಾಪಕಗಳಲ್ಲಿ ಒಂದನ್ನು ಸೀಟಿಗೂ ಇನ್ನೊಂದನ್ನು ಪಟ್ಟಿಯಿಂದ ನನ್ನ ಎದೆಗೂ ಬಿಗಿದುಕೊಳ್ಳುತ್ತಿದ್ದೆ. ಇದನ್ನೆಲ್ಲ ಮಾಡಿದ್ದು ಜನರನ್ನು ಒಳಗೆ ಬಿಡುವ ಮೊದಲಿನ ಪರೀಕ್ಷಾ ಸಮಯದಲ್ಲಿ, ನಿರ್ವಾಹಕರ ಒಪ್ಪಿಗೆ ಪಡೆದು. ಓಡುವ ಬಂಡಿಯಿಂದ ಕಳಚಿಬಿದ್ದ ಒಂದು ಫೋನ್ ಕೂಡ ಕೆಳಗಿರುವವರ ಜೀವಕ್ಕೆ ಎರವಾಗಬಲ್ಲದಾದ್ದರಿಂದ ಈ ವಿಷಯದಲ್ಲಿ ಸಡಿಲಿಕೆ ಸಲ್ಲದು.

ಪುಸ್ತಕದ ಮೊದಲ ಪುಟಗಳಲ್ಲೇ ವೇಗದ ಬಗ್ಗೆ ನನಗಿದ್ದ ನಂಬಿಕೆ ಕುಸಿಯಿತು. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 50 ಮೀಟರ್ ಎತ್ತರದಿಂದ ಇಳಿದ ಬಂಡಿ ಕೆಳಗೆ ತಲುಪುವಾಗ ಗಂಟೆಗೆ ಸುಮಾರು 113 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗ ಏಕರೂಪವಾಗಿದ್ದಷ್ಟು ಹೊತ್ತು ಒಳಗಿವಿಗೆ ಅದರ ಸುಳಿವೇ ಸಿಗುವುದಿಲ್ಲ. ಅಲ್ಲಿರುವ ಅಂಗಗಳು ಗ್ರಹಿಸುವುದು ವೇಗದ ಬದಲಾವಣೆಯನ್ನು ಮತ್ತು ತಲೆಯ ತಿರುಗುವಿಕೆಯನ್ನು ಮಾತ್ರ. ವೇಗವನ್ನು ನಮಗೆ ತಿಳಿಸುವುದು ಕಣ್ಣು ಮತ್ತು ಮುಖಕ್ಕೆ ಬಡಿಯುವ ಗಾಳಿ. ಒಂದೇ ರೈಡನ್ನು ಒಮ್ಮೆ ಕಣ್ಣು ತೆರೆದು, ಒಮ್ಮೆ ಮುಚ್ಚಿ ಮುಗಿಸಿದಾಗ, ನೆಲದಿಂದ ತುಂಬ ಎತ್ತರದಲ್ಲಿ ಬಯಲಿನ ಮೇಲೆ ಸಾಗುವ ನೇರ ಹಳಿಗೆ ಎರಡೂ ಸಲ ಒಂದೇ ಅಂಕ ಬಿತ್ತು. ಅದಕ್ಕಿಂತ ನಿಧಾನವಾಗಿ, ಕಂಬಗಳ ಸಂದಿಯಲ್ಲಿ, ನೆತ್ತಿಗೆ ತಗಲುವಂತೆ ಕಾಣುವ ತೊಲೆಯ ಕೆಳಗೆ ನುಗ್ಗುವ ಭಾಗಕ್ಕೆ ಕಣ್ಣು ತೆರೆದಾಗ ದುಪ್ಪಟ್ಟು ಅಂಕ ಕೊಟ್ಟಿದ್ದೆ. ತೊಲೆಗೂ ತಲೆಗೂ ನಡುವೆ ಸುರಕ್ಷಿತ ಅಂತರ ಇದ್ದೇ ಇರುತ್ತದೆ, ಅದನ್ನು ಅಳೆದು ಬಿಟ್ಟಿರುವವರೇ ನಾವು. ಆದರೂ ಕೈಗಳು ತಾವಾಗಿಯೇ ಮಡಚಿಕೊಳ್ಳುತ್ತವೆ.

ಖುಷಿಯ ಅಂಕಣದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದು, ನನ್ನ ಪುಸ್ತಕದಲ್ಲೂ ನಾನು ಮಾತನಾಡಿಸಿದ ಬಹುತೇಕರ ಮಾತಿನಲ್ಲೂ, ದಿಬ್ಬದ ನೆತ್ತಿಯಲ್ಲಿ ಮೈ ಸೀಟಿನಿಂದ ಮೇಲೇಳುವ ಕ್ಷಣ. ಈ ರಂಗದವರು ಅದನ್ನು ಏರ್‌ಟೈಮ್ ಎನ್ನುತ್ತಾರೆ. ನೆಲದ ಮೇಲೆ ಕುಳಿತಾಗ ಅನುಭವಕ್ಕೆ ಬರುವ ತೂಕವನ್ನು ಒಂದು ಜಿ ಎಂದುಕೊಂಡರೆ, ಇಲ್ಲಿ ಅದು ಸೊನ್ನೆಗೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಸೀಟು ಮೈಯನ್ನು ಆತು ಹಿಡಿದಿರುವುದು ತಪ್ಪುತ್ತದೆ, ಮೈಯೊಳಗಿನ ಅಂಗಗಳು ಒಂದರ ಮೇಲೊಂದು ಹೊರೆಯಾಗಿ ಕೂತಿರುವುದೂ ತಪ್ಪುತ್ತದೆ. ಹೊಟ್ಟೆಯಲ್ಲಿ ಕಳಕ್ ಎನ್ನುವುದು ಅದರಿಂದಲೇ. ಇದಕ್ಕೆ ಭಾರಿ ಎತ್ತರವೂ ಬೇಕಿಲ್ಲ, ಭಾರಿ ವೇಗವೂ ಬೇಕಿಲ್ಲ. ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್ ವೇಗದ ಬಂಡಿಗೆ ನೆತ್ತಿಯ ಬಾಗಿನ ತ್ರಿಜ್ಯ 23 ಮೀಟರ್ ಆದರೆ ತೂಕ ಸರಿಯಾಗಿ ಸೊನ್ನೆಯಾಗುತ್ತದೆ, 19 ಮೀಟರ್ ಆದರೆ ಸೊನ್ನೆಗಿಂತ 0.2 ಜಿಯಷ್ಟು ಕೆಳಗಿಳಿದು ತೊಡೆಯ ಮೇಲಿನ ಅಡ್ಡಪಟ್ಟಿ ನಮ್ಮನ್ನು ಕೆಳಕ್ಕೆ ಒತ್ತಿಹಿಡಿಯುತ್ತದೆ. ನಾಲ್ಕು ಮೀಟರಿನ ಆ ವ್ಯತ್ಯಾಸವೇ ತೇಲುವಿಕೆಯನ್ನು ಎತ್ತಿ ಎಸೆಯುವಿಕೆಯಾಗಿ ಮಾರ್ಪಡಿಸುತ್ತದೆ ಎಂಬುದನ್ನು ಲೆಕ್ಕದಲ್ಲಿ ಎಷ್ಟೋ ಸಲ ಬರೆದಿದ್ದ ನನಗೆ, ಮೈಯಲ್ಲಿ ಅನುಭವಿಸಿದಾಗಲೇ ಅದರ ಅರ್ಥ ಪೂರ್ತಿ ತಿಳಿದದ್ದು. ಇಂಥ ದಿಬ್ಬಗಳನ್ನು ನಿರ್ಭಯವಾಗಿ ಕಟ್ಟಲು ಸಾಧ್ಯವಾಗಿರುವುದು ಹಳಿಯನ್ನು ಕೆಳಗಿನಿಂದಲೂ ಹಿಡಿದುಕೊಳ್ಳುವ ಚಕ್ರಗಳಿಂದ. ಅಮೆರಿಕದ ಕೋಸ್ಟರ್ ವಿನ್ಯಾಸಕ ಜಾನ್ ಮಿಲ್ಲರ್ 1919ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಬಂಡಿ ಹಳಿ ಬಿಟ್ಟು ಮೇಲೇಳುವ ಭಯ ಅಲ್ಲಿಗೆ ತಪ್ಪಿತು.

ಯಾವ ಸೀಟು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಇದಕ್ಕಾಗಿ ಒಂದೇ ರೈಡಿನ ಮೊದಲ, ನಡುವಿನ ಮತ್ತು ಕೊನೆಯ ಸಾಲುಗಳಲ್ಲಿ ಬೆನ್ನುಬೆನ್ನಿಗೆ ಕುಳಿತು ಅಳತೆ ಮಾಡಿದೆ. ಬಂಡಿಯ ಎಲ್ಲ ಡಬ್ಬಿಗಳೂ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಯಾವುದೇ ಗಳಿಗೆಯಲ್ಲಿ ಎಲ್ಲಕ್ಕೂ ಒಂದೇ ವೇಗ. ಆದರೆ ಪ್ರತಿ ಡಬ್ಬಿ ದಿಬ್ಬದ ನೆತ್ತಿಯನ್ನು ದಾಟುವ ಗಳಿಗೆ ಬೇರೆ. ಸರಪಳಿ ಎಳೆದೊಯ್ಯುವ ಮೊದಲ ಎತ್ತರದಲ್ಲಿ ಮುಂದಿನ ಸಾಲು ನೆತ್ತಿ ದಾಟಿದರೂ, ಹಿಂದಿನ ಭಾರ ಇನ್ನೂ ಮೇಲೇರಬೇಕಾಗಿರುವುದರಿಂದ ಇಳಿಜಾರಿನ ಅಂಚಿನಲ್ಲಿ ಜೋತುಬಿದ್ದು ಕಾಯುತ್ತದೆ. ಕೊನೆಯ ಸಾಲು ಅದೇ ನೆತ್ತಿಗೆ ಬರುವ ಹೊತ್ತಿಗೆ ಬಂಡಿಯ ಬಹುಭಾಗ ಕೆಳಗೆ ಧುಮುಕುತ್ತಿದ್ದು, ಅದನ್ನು ದಾರದಿಂದ ಎಳೆದಂತೆ ಸೆಳೆದುಕೊಳ್ಳುತ್ತದೆ. ನಡುವಿನ ದಿಬ್ಬಗಳಲ್ಲಿ ವಿಷಯ ಇನ್ನೂ ಸ್ವಾರಸ್ಯಕರ. ಎರಡೂ ಬದಿ ಒಂದೇ ಬಗೆಯಾಗಿದ್ದರೆ ಮೊದಲ ಮತ್ತು ಕೊನೆಯ ಸಾಲುಗಳು ನೆತ್ತಿಯನ್ನು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ದಾಟುತ್ತವೆ, ಎಲ್ಲಕ್ಕಿಂತ ನಿಧಾನವಾಗಿ ದಾಟುವುದು ನಡುವಿನ ಸಾಲು. ಆದರೆ ಮೊದಲ ಸಾಲಿನವರು ಏರಿನಲ್ಲಿ ಇರುವಾಗಲೇ ಸೀಟಿನಿಂದ ಮೇಲೆದ್ದು ತೇಲುತ್ತಾರೆ, ಕೊನೆಯ ಸಾಲಿನವರು ನೆತ್ತಿ ದಾಟಿ ಇಳಿಯುವಾಗ ಸೀಟಿನಿಂದ ಕೀಳಲ್ಪಡುತ್ತಾರೆ. ತೀವ್ರತೆಯಲ್ಲಿ ನಾನು ಹಿಂದಿನ ಸಾಲಿಗೇ ಹೆಚ್ಚು ಅಂಕ ಕೊಟ್ಟಿದ್ದೇನೆ. ಖುಷಿಯಲ್ಲಿ ಎರಡೂ ಸಮ, ನಡುವಿನದು ಮಾತ್ರ ಹಿಂದೆ. ಸೀಟಿನ ಸ್ಥಾನ ಮೈಯೊಳಗೆ ಎಷ್ಟು ಆಳದವರೆಗೆ ತಟ್ಟುತ್ತದೆ ಎನ್ನುವುದಕ್ಕೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಗುತ್ತದೆ. ಫ್ಲಾರಿಡಾದ ಬಿಗ್ ಥಂಡರ್ ಮೌಂಟನ್ ರೈಲ್‌ರೋಡ್ ಎಂಬ ಕೋಸ್ಟರಿನಲ್ಲಿ ಮೂತ್ರಪಿಂಡದ ಮಾದರಿಯೊಂದನ್ನು ಕೂರಿಸಿಕೊಂಡು ಹೋದ ಸಂಶೋಧಕರಿಗೆ, ಅದರಲ್ಲಿಟ್ಟ ಕಲ್ಲುಗಳು ಹಿಂದಿನ ಸೀಟಿನಲ್ಲಿ ಸುಮಾರು ಶೇಕಡಾ 64ರಷ್ಟು ಸಲ, ಮುಂದಿನ ಸೀಟಿನಲ್ಲಿ ಸುಮಾರು ಶೇಕಡಾ 17ರಷ್ಟು ಸಲ ಮಾತ್ರ ಜಾರಿ ಹೊರಬಂದದ್ದು ಕಂಡಿತು.

ನನ್ನ ಹಳಿಯ ದೋಷ ಎಲ್ಲಿತ್ತೆಂದು ಗೊತ್ತಾದದ್ದು, ಒಂದೇ ಗರಿಷ್ಠ ಬಲ ತೋರಿಸುವ ಎರಡು ಗ್ರಾಫ್‌ಗಳನ್ನು ಪಕ್ಕಪಕ್ಕ ಹರಡಿಕೊಂಡು ಕುಳಿತ ದಿನ. ಒಂದು ಎಲ್ಲರೂ ಮೆಚ್ಚುವ ಬೇರೊಂದು ರೈಡಿನದು, ಇನ್ನೊಂದು ನನ್ನದು. ಎರಡರಲ್ಲೂ ಮೇಲ್ಮಟ್ಟ ನಾಲ್ಕು ಜಿ ಹತ್ತಿರವೇ. ಆದರೆ ಅಲ್ಲಿ ಬಲ ಗುಡ್ಡದ ಇಳಿಜಾರಿನಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿದಿತ್ತು, ನನ್ನದರಲ್ಲಿ ಗೋಡೆಯಂತೆ ನೆಟ್ಟಗೆ ಎದ್ದಿತ್ತು. ಬಲ ಎಷ್ಟು ಎಂಬುದಕ್ಕಿಂತ, ಅದು ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ನಾವು ಜರ್ಕ್ ಎಂದು ಕರೆದು ಬೇರೆಯಾಗಿಯೇ ಲೆಕ್ಕ ಹಾಕುತ್ತೇವೆ. ಬಲ ಮೆಲ್ಲಗೆ ಬಂದರೆ ಕತ್ತಿನ ಸ್ನಾಯುಗಳಿಗೆ ಬಿಗಿದುಕೊಳ್ಳಲು ಪುರುಸೊತ್ತು ಸಿಗುತ್ತದೆ, ತಲೆ ಮೈಯ ಜೊತೆಗೇ ಸಾಗುತ್ತದೆ; ಒಮ್ಮೆಲೇ ಬಂದರೆ ಮೈ ಮೊದಲು ಹೋಗಿ ತಲೆ ಆಮೇಲೆ ಹಿಂಬಾಲಿಸುತ್ತದೆ. ಅದೂ ಅಡ್ಡದಿಕ್ಕಿನಲ್ಲಾದರೆ ಭುಜದ ಮೇಲಿನ ಪಟ್ಟಿಗೆ ಕಿವಿ ಬಡಿಯುತ್ತದೆ. ಮಿತಿಯ ಒಳಗಿರುವುದಕ್ಕೂ ಹಿತವಾಗಿರುವುದಕ್ಕೂ ಇಷ್ಟು ದೂರವಿದೆ.

ಇದಕ್ಕೆ ಸೇರಿಕೊಂಡ ಇನ್ನೊಂದು ತಪ್ಪು ಹಳಿಯನ್ನು ತಿರುಚಿದ ರೀತಿಯಲ್ಲಿತ್ತು. ತಿರುವಿನಲ್ಲಿ ಹಳಿ ಓರೆಯಾಗುವಾಗ ಯಾವ ರೇಖೆಯ ಸುತ್ತ ತಿರುಗಬೇಕು ಎಂಬ ಪ್ರಶ್ನೆ ಏಳುತ್ತದೆ. ಹಳಿಯ ಸುತ್ತಲೇ ತಿರುಗಿಸಿದರೆ ಅದರಿಂದ ಮೇಲಿರುವ ತಲೆ ದೊಡ್ಡ ಕಮಾನಿನಲ್ಲಿ ಬೀಸಿ ಎಸೆದಂತಾಗುತ್ತದೆ. ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗಲ್ ಅವರ ಕೆಲಸದಿಂದ ಈ ರಂಗದಲ್ಲಿ ನೆಲೆಯೂರಿದ ಪದ್ಧತಿಯೆಂದರೆ, ಸವಾರರ ಎದೆಯ ಮಟ್ಟದಲ್ಲಿ ಹಾದುಹೋಗುವ ರೇಖೆಯನ್ನು ಮೊದಲು ನಯವಾಗಿ ಎಳೆದು, ಹಳಿಯನ್ನು ಅದರ ಸುತ್ತ ತಿರುಚುವುದು. ಹೊರಗಿನಿಂದ ನೋಡಿದರೆ ಹಳಿ ವಿಚಿತ್ರವಾಗಿ ಹೊಯ್ದಾಡಿದಂತೆ ಕಾಣುತ್ತದೆ, ಕುಳಿತವರ ಎದೆ ಮಾತ್ರ ನೇರವಾಗಿ ಸಾಗುತ್ತದೆ. ನಾನು ಇದನ್ನು ದೊಡ್ಡ ತಿರುವುಗಳಲ್ಲಿ ಪಾಲಿಸಿದ್ದೆ, ಎರಡು ಸಣ್ಣ ಜೋಡಣೆಗಳಲ್ಲಿ ಪರವಾಗಿಲ್ಲವೆಂದು ಬಿಟ್ಟಿದ್ದೆ. ಸಹೋದ್ಯೋಗಿಗಳ ಕತ್ತು ನೋಯಿಸಿದ್ದು ಆ ಎರಡು ಜಾಗಗಳೇ.

ಬಂಡಿಯನ್ನು ತಲೆಕೆಳಗಾಗಿ ಒಂದು ಸುತ್ತು ತರುವ ಲೂಪಿನ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ತೆರೆದ ಫ್ಲಿಪ್ ಫ್ಲ್ಯಾಪ್ ರೈಲ್ವೆಯ ಲೂಪ್ ಪೂರ್ಣ ವೃತ್ತವಾಗಿತ್ತು. ವೃತ್ತಾಕಾರದ ಲೂಪಿನ ನೆತ್ತಿಯನ್ನು ಬೀಳದೆ ದಾಟುವಷ್ಟೇ ವೇಗ ಇಟ್ಟುಕೊಂಡರೂ ಬುಡದಲ್ಲಿ ಆರು ಜಿ ಬಂದೇ ಬರುತ್ತದೆ, ಅದೂ ನೇರ ಹಳಿಯಿಂದ ಒಮ್ಮೆಲೇ. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ ಈ ಲೆಕ್ಕ ಬದಲಾಗದು. ಜರ್ಮನಿಯ ಕೋಸ್ಟರ್ ತಯಾರಕ ಆಂಟನ್ ಶ್ವಾರ್ಜ್‌ಕಾಫ್ ಮತ್ತು ಸ್ಟೆಂಗಲ್ 1976ರಲ್ಲಿ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಕೋಸ್ಟರಿಗೆ ಬುಡದಲ್ಲಿ ಅಗಲವಾಗಿದ್ದು ಮೇಲೆ ಹೋದಂತೆ ಬಿಗಿಯಾಗುವ, ಕಣ್ಣೀರ ಹನಿಯಂಥ ಆಕಾರವನ್ನು ಕೊಟ್ಟರು. ಬಾಗು ಸ್ವಲ್ಪಸ್ವಲ್ಪವಾಗಿ ಬಿಗಿಯುವುದರಿಂದ ಬಲವೂ ಹಾಗೆಯೇ ಬರುತ್ತದೆ.

ಒಂದೇ ಬಲ ಬಹಳ ಹೊತ್ತು ಮುಂದುವರಿದರೂ ಖುಷಿ ಸೋರಿಹೋಗುತ್ತದೆ. ಸುರುಳಿಯಾಗಿ ಇಳಿಯುವ ತಿರುವಿನಲ್ಲಿ ಮೂರೂವರೆ, ನಾಲ್ಕು ಜಿ ಹಲವು ಸೆಕೆಂಡು ಉಳಿದರೆ ರಕ್ತ ಕಾಲಿನ ಕಡೆಗೆ ಇಳಿದು ಕಣ್ಣಿನ ಅಂಚುಗಳು ಮಸುಕಾಗತೊಡಗುತ್ತವೆ. ಸುರಕ್ಷತಾ ಮಾನದಂಡಗಳು ಬಲದ ಮಿತಿಯನ್ನು ಅದರ ದಿಕ್ಕು ಮತ್ತು ಅವಧಿಯೊಂದಿಗೆ ಸೇರಿಸಿಯೇ ಹೇಳುವುದು ಇದೇ ಕಾರಣಕ್ಕೆ. ಇಂಥ ಕಡೆ ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದು, ತಲೆಯನ್ನು ಹಿಂದಕ್ಕೆ ಒರಗಿಸಿ, ಬಂಡಿ ಹೋಗುವ ದಿಕ್ಕಿನ ಕಡೆಗೇ ನೋಡುವುದನ್ನು ನಾನು ರೂಢಿಸಿಕೊಂಡಿದ್ದೇನೆ. ದಾರಿ ಕಾಣುತ್ತಿದ್ದರೆ ಕಣ್ಣಿನ ಸುದ್ದಿಗೂ ಒಳಗಿವಿಯ ಸುದ್ದಿಗೂ ತಾಳೆಯಾಗಿ ವಾಕರಿಕೆ ಕಡಿಮೆಯಾಗುತ್ತದೆ.

ಬಲಗಳ ಲೆಕ್ಕ ಇಷ್ಟಾದರೂ, ಮನಸ್ಸಿನ ಪಾಲು ನಾನು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಸರಪಳಿಯ ಏರಿನಲ್ಲಿ ಸವಾರರ ಮೇಲಿರುವ ಬಲ ಹೇಳಿಕೊಳ್ಳುವಂಥದ್ದೇನಲ್ಲ, ಗ್ರಾಫ್ ಅಲ್ಲಿ ಬಹುತೇಕ ಸಪಾಟು. ಆದರೆ ನನ್ನ ಎದೆಬಡಿತ ಏರುತ್ತಿದ್ದದ್ದು ಅಲ್ಲಿಯೇ. ಅಲ್ಲಿ ಕೇಳುವ ಟಕಟಕ ಸದ್ದು, ಬಂಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಂಡಿ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು, ಅಂದರೆ ನಮ್ಮನ್ನು ಕಾಪಾಡುತ್ತಿರುವ ಸಾಧನದ್ದೇ ಸದ್ದು; ಅದೇ ನಮಗೆ ದಿಗಿಲು ಹುಟ್ಟಿಸುತ್ತದೆ. ಮನೋವಿಜ್ಞಾನಿ ಪಾಲ್ ರೋಜಿನ್, ಮೈ ಅಪಾಯವೆಂದು ಕೂಗುತ್ತಿದ್ದರೂ ಬುದ್ಧಿಗೆ ಅಪಾಯವಿಲ್ಲವೆಂದು ಗೊತ್ತಿರುವಾಗ ಹುಟ್ಟುವ ಸುಖದ ಬಗ್ಗೆ ಬರೆದಿದ್ದಾರೆ. ನನ್ನ ಪುಸ್ತಕದ ಅಂಕಗಳೂ ಅದನ್ನೇ ಹೇಳುತ್ತವೆ. ತೊಡೆಯ ಮೇಲಿನ ಪಟ್ಟಿ ಸರಿಯಾಗಿ ಕೂತಿದೆಯೆಂಬ ಭರವಸೆ ಇದ್ದ ಸವಾರಿಗಳಲ್ಲಿ ಭಯ ಖುಷಿಯಾಗಿ ಅರಳಿದೆ. ಬಂಡಿ ಕಟಕಟ ನಡುಗಿ, ಏನೋ ಸರಿಯಿಲ್ಲ ಎನಿಸಿದ ಸವಾರಿಗಳಲ್ಲಿ ಅದು ಬರಿಯ ಭಯವಾಗಿಯೇ ಉಳಿದಿದೆ.

ಆ ಬಾರಿ ರೈಡ್ ವಾರ್ಷಿಕ ದುರಸ್ತಿಗೆ ಮುಚ್ಚಿದಾಗ ನನ್ನ ಹಳಿಯ ಎರಡು ಜೋಡಣೆಗಳನ್ನು ಬದಲಿಸಲು ಒಪ್ಪಿಗೆ ದೊರೆಯಿತು. ಓರೆ ಮೂಡುವ ಭಾಗವನ್ನು ಉದ್ದಮಾಡಿ, ತಿರುಚುವಿಕೆಯನ್ನು ಎದೆಯ ರೇಖೆಗೆ ತಂದೆ. ಕೊನೆಯ ಸುರುಳಿಯಲ್ಲಿ ಒಂದು ಸುತ್ತು ಕಡಿಮೆ ಮಾಡಿ, ಆ ಜಾಗದಲ್ಲಿ ಮೂರು ಸಣ್ಣ ದಿಬ್ಬಗಳನ್ನು ಸೇರಿಸಿದೆ. ಮೂರಕ್ಕೂ ಒಂದೇ ತ್ರಿಜ್ಯ ಇಡಲಿಲ್ಲ. ಮೊದಲನೆಯದರಲ್ಲಿ ಮೈ ಹಗುರಾಗುತ್ತದೆ ಅಷ್ಟೇ, ಎರಡನೆಯದರಲ್ಲಿ ತೇಲುತ್ತದೆ, ಎರಡರ ತಾಳಕ್ಕೆ ಹೊಂದಿಕೊಂಡು ಮೂರನೆಯದನ್ನು ಎದುರುನೋಡುವಷ್ಟರಲ್ಲಿ ಅದು ಅರೆಗಳಿಗೆ ಮೊದಲೇ ಬಂದು ಎತ್ತಿಬಿಡುತ್ತದೆ. ಗರಿಷ್ಠ ಬಲ ಮೊದಲಿಗಿಂತ ಕಡಿಮೆಯಾಯಿತು. ಎತ್ತರ ಮತ್ತು ಗರಿಷ್ಠ ವೇಗ ಇದ್ದಷ್ಟೇ ಉಳಿದವು.

ಮರುಪರೀಕ್ಷೆಯ ಬೆಳಗ್ಗೆ ಅದೇ ಹಿರಿಯ ಸಹೋದ್ಯೋಗಿ ಕೊನೆಯ ಸಾಲಿನಲ್ಲಿ ಕುಳಿತರು, ನಾನು ಅವರ ಪಕ್ಕದಲ್ಲಿ. ಮೂರನೆಯ ದಿಬ್ಬದಲ್ಲಿ ಅವರು ಕೂಗಿದ್ದು ನನ್ನ ಎದೆಯ ಮೇಲಿದ್ದ ಮಾಪಕಕ್ಕೆ ದಾಖಲಾಗುವಂಥದ್ದಲ್ಲ, ಆದ್ದರಿಂದ ಇಳಿದೊಡನೆ ಪುಸ್ತಕದಲ್ಲಿ ಬರೆದುಕೊಂಡೆ. ತೀವ್ರತೆಗೆ ಏಳು, ಖುಷಿಗೆ ಒಂಬತ್ತು ಎಂದು ನಾನು ಗೀಚುತ್ತಿರುವಾಗಲೇ ಅವರು ಚಾಲಕರ ಕೋಣೆಯ ಕಡೆ ಕೈಬೀಸಿ, ಬಂಡಿಯನ್ನು ಇನ್ನೊಂದು ಸುತ್ತು ಬಿಡುವಂತೆ ಕೇಳುತ್ತಿದ್ದರು.