ಹೈಡ್ರೋಜನ್ ನೀರು: ಬೊಜ್ಜಿಗಾಗಿ ಕುಡಿದು ನೋಡುವವರು ಅನುಸರಿಸಬೇಕಾದ ಕ್ರಮ

ತೂಕ ಇಳಿಸಲು ಹೊರಟವರ ಕೈಗೆ ಈಚೆಗೆ ಹೈಡ್ರೋಜನ್ ನೀರಿನ ಬಾಟಲಿಯೋ ಮಾತ್ರೆಯ ಡಬ್ಬಿಯೋ ಸೇರತೊಡಗಿದೆ. ಹಣ ಕೊಡುವ ಮೊದಲೇ ತಿಳಿದಿರಬೇಕಾದ ಮಾತೆಂದರೆ, ಇದು ಬೊಜ್ಜು ಕರಗಿಸುವ ಔಷಧವಲ್ಲ. ಊಟ ಮತ್ತು ನಡಿಗೆಯ ಶಿಸ್ತು ಈಗಾಗಲೇ ಇದ್ದವರು ಅದರ ಜೊತೆಗೆ ಪರೀಕ್ಷಿಸಿ ನೋಡಬಹುದಾದ ಒಂದು ಪೂರಕ, ಅಷ್ಟೆ. ಸೋಡಾದಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವಂತೆ ಇಲ್ಲಿ ಹೈಡ್ರೋಜನ್ ಅನಿಲ ನೀರಿನಲ್ಲಿ ಕರಗಿರುತ್ತದೆ. ಅಂಗಡಿಯವರು ಇದನ್ನೇ ಕ್ಷಾರೀಯ ನೀರು ಎಂದು ಹೇಳಿ ಮಾರಿದರೆ ನಂಬಬೇಕಾಗಿಲ್ಲ, ಏಕೆಂದರೆ ಕರಗಿದ ಹೈಡ್ರೋಜನ್ ನೀರಿನ ಪಿಎಚ್ ಅನ್ನು, ಅಂದರೆ ಆಮ್ಲ-ಕ್ಷಾರದ ಅಳತೆಯನ್ನು, ಬದಲಿಸುವುದಿಲ್ಲ.

ಈ ಆಸಕ್ತಿಗೆ ಮೂಲ ಜಪಾನ್. ಹೈಡ್ರೋಜನ್ ಅನಿಲವು ಜೀವಕೋಶಗಳಿಗೆ ಅತಿ ಹೆಚ್ಚು ಹಾನಿ ಮಾಡುವ, ಬಹುಬೇಗ ವರ್ತಿಸುವ ಅಣುತುಣುಕುಗಳಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಆಯ್ದು ತಟಸ್ಥಗೊಳಿಸುತ್ತದೆ ಎಂಬ ವರದಿಯನ್ನು ವಿಜ್ಞಾನಿ ಶಿಗೆಓ ಓಹ್ತಾ ಅವರ ತಂಡ 2007ರಲ್ಲಿ ಪ್ರಕಟಿಸಿತು. ಮನುಷ್ಯರ ಮೇಲಿನ ಅಧ್ಯಯನಗಳು ಆಮೇಲೆ ಬಂದವು, ಆದರೆ ಅವೆಲ್ಲ ಚಿಕ್ಕವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಏರುಪೇರು ಒಟ್ಟಿಗೆ ಕಾಣುವ ಸ್ಥಿತಿ) ಇದ್ದ 60 ಜನರನ್ನು 24 ವಾರ ಗಮನಿಸಲಾಯಿತು. ಹೈಡ್ರೋಜನ್ ನೀರು ಕುಡಿದವರಲ್ಲಿ ಕೊಲೆಸ್ಟರಾಲ್ ಮತ್ತು ರಕ್ತದ ಸಕ್ಕರೆ ತಗ್ಗಿದವು, ದೇಹತೂಕದ ಸೂಚ್ಯಂಕದಲ್ಲಿ (ಬಿಎಂಐ) ಕಂಡ ಇಳಿಕೆ ಮಾತ್ರ ಅಲ್ಪ. ಹಾಗಾಗಿ ತೂಕಕ್ಕಿಂತ ರಕ್ತಪರೀಕ್ಷೆಯ ಅಂಕಿಗಳ ಮೇಲೆ ಕಣ್ಣಿಡುವುದು ಸರಿ.

ಹೆಚ್ಚಿನವರು ಎಡವುವುದು ಪ್ರಮಾಣದ ಲೆಕ್ಕದಲ್ಲಿ. ಸಾಮಾನ್ಯ ಒತ್ತಡದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಹೈಡ್ರೋಜನ್ ಸುಮಾರು 1.6 ಮಿಲಿಗ್ರಾಂ ಮಾತ್ರ. ಮೇಲೆ ಹೇಳಿದ ಅಧ್ಯಯನದಲ್ಲಿ ದಿನಕ್ಕೆ ಕೊಟ್ಟದ್ದು 11 ಮಿಲಿಗ್ರಾಂಗೂ ಹೆಚ್ಚು. ಸಾಧಾರಣ ಸಾಂದ್ರತೆಯ ನೀರಿನಿಂದ ಅಷ್ಟನ್ನು ಪಡೆಯಲು ಏಳು ಲೀಟರ್ ಕುಡಿಯಬೇಕಾದೀತು, ಅದು ಮಾಡುವ ಕೆಲಸವಲ್ಲ. ಆದ್ದರಿಂದ ಡಬ್ಬಿಯ ಮೇಲೆ ಒಂದು ಸಲದ ಸೇವನೆಗೆ ಎಷ್ಟು ಮಿಲಿಗ್ರಾಂ ಹೈಡ್ರೋಜನ್ ಎಂದು ಬರೆದಿದೆಯೇ ನೋಡಿ. ಬರೆಯದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಮಾತ್ರೆಯಲ್ಲಿರುವುದು ಮ್ಯಾಗ್ನೀಷಿಯಂ ಲೋಹದ ಪುಡಿ ಮತ್ತು ಹುಳಿಯಾದ ಯಾವುದಾದರೊಂದು ಆಹಾರಾಮ್ಲ. ಲೋಹವು ನೀರಿನೊಡನೆ ವರ್ತಿಸಿದಾಗ ಅನಿಲ ಹೊರಬರುತ್ತದೆ. 250 ಮಿಲಿಲೀಟರ್‌ನಷ್ಟು ತಣ್ಣನೆಯ ಅಥವಾ ಸಾಧಾರಣ ನೀರಿರುವ ಲೋಟಕ್ಕೆ ಮಾತ್ರೆ ಹಾಕಿದರೆ ಅದು ಬುರುಬುರು ಎನ್ನುತ್ತಾ, ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಕಲ್ಮಶವಲ್ಲ, ಬಹುಪಾಲು ಸಣ್ಣ ಗುಳ್ಳೆಗಳು. ಮಾತ್ರೆ ಪೂರ್ತಿ ಕರಗಿದ ಕೂಡಲೇ, ಬಿಳುಪು ಇನ್ನೂ ಇರುವಾಗಲೇ, ಒಂದೇ ಬಾರಿಗೆ ಕುಡಿಯಬೇಕು. ಮೇಜಿನ ಮೇಲಿಟ್ಟು ಗುಟುಕು ಗುಟುಕಾಗಿ ಕುಡಿದರೆ ಹಣ ಕೊಟ್ಟ ಅನಿಲ ಕೋಣೆಯ ಗಾಳಿಗೆ ಸೇರುತ್ತದೆ. ಮಾತ್ರೆಯನ್ನು ಒಣಗಿದ್ದಂತೆಯೇ ನುಂಗಬಾರದು, ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಲೂಬಾರದು. ತಯಾರಾದ ನೀರನ್ನೇ ಕೊಳ್ಳುವುದಾದರೆ ಅಲ್ಯೂಮಿನಿಯಂ ಚೀಲದಲ್ಲಿರುವುದನ್ನು ಕೊಳ್ಳಿ. ಪ್ಲಾಸ್ಟಿಕ್ಕಿನ ಮೂಲಕ ಹೈಡ್ರೋಜನ್ ನುಸುಳಿಹೋಗುತ್ತದೆ.

ನೀರಿನೊಳಗೆ ವಿದ್ಯುತ್ ಹರಿಸಿ ಹೈಡ್ರೋಜನ್ ಹುಟ್ಟಿಸುವ ಬಾಟಲಿಯನ್ನು ಆರಿಸುವವರು ಅದರೊಳಗೆ ಪ್ರೋಟಾನ್ ವಿನಿಮಯ ಪೊರೆ (ಹೈಡ್ರೋಜನ್ನನ್ನು ಉಳಿದ ಅನಿಲಗಳಿಂದ ಬೇರೆಯಾಗಿಡುವ ತೆಳುಹಾಳೆ) ಇದೆಯೇ ಎಂದು ಕೇಳಿ ತಿಳಿಯಬೇಕು. ಪೊರೆಯಿಲ್ಲದ ಅಗ್ಗದ ಸಾಧನಕ್ಕೆ ನಲ್ಲಿಯ ಅಥವಾ ಬೋರ್‌ವೆಲ್ ನೀರು ಹಾಕಿದರೆ, ಅದರಲ್ಲಿರುವ ಕ್ಲೋರೈಡಿನಿಂದ ಕ್ಲೋರಿನ್ ಹುಟ್ಟುವ ಸಂಭವವಿದೆ. ಮೂಗಿಗೆ ಈಜುಕೊಳದ ವಾಸನೆ ಬಂದರೆ ಆ ನೀರನ್ನು ಚೆಲ್ಲಿಬಿಡಿ.

ಮಾತ್ರೆಯ ವಿಷಯದಲ್ಲಿ ಎಚ್ಚರ ವಹಿಸಬೇಕಾದದ್ದು ಹೈಡ್ರೋಜನ್ನಿಗಿಂತ ಹೆಚ್ಚಾಗಿ ಮ್ಯಾಗ್ನೀಷಿಯಂ ಬಗ್ಗೆ. ಒಂದು ಮಾತ್ರೆಯಲ್ಲಿ 80 ಮಿಲಿಗ್ರಾಂ ಇದ್ದರೆ ಮೂರರಲ್ಲಿ 240 ಆಯಿತು. ಪೂರಕಗಳಿಂದ ದಿನಕ್ಕೆ 350 ಮಿಲಿಗ್ರಾಂ ಮೀರಬಾರದೆಂಬುದು ಅಮೆರಿಕದಲ್ಲಿ ವಯಸ್ಕರಿಗೆ ಹಾಕಿರುವ ಮಿತಿ. ಹೊಟ್ಟೆ ಸಡಿಲವಾದರೆ ಪ್ರಮಾಣ ತಗ್ಗಿಸಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಒಪ್ಪದೆ ಇದನ್ನು ಮುಟ್ಟಲೇಬಾರದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರ ಇಡಬೇಕು, ಇಲ್ಲವಾದರೆ ಥೈರಾಯ್ಡ್ ಔಷಧವನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸಕ್ಕರೆ ಅಥವಾ ರಕ್ತದೊತ್ತಡದ ಮಾತ್ರೆಯನ್ನು ಈ ನೀರಿನ ಭರವಸೆಯಲ್ಲಿ ನಿಲ್ಲಿಸುವುದಂತೂ ಅಪಾಯವೇ ಸರಿ.

ಆರಂಭಿಸುವ ದಿನ ಬೆಳಿಗ್ಗೆ, ಏನನ್ನೂ ತಿನ್ನುವ ಮೊದಲು, ತೂಕ ಮತ್ತು ಹೊಟ್ಟೆಯ ಸುತ್ತಳತೆ ಬರೆದಿಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ದರ್ಜಿಯ ಟೇಪನ್ನು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಮೋಸ ಹೋಗುವವರು ನಾವೇ. ಭಾರತೀಯರಲ್ಲಿ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎಂದೇ ಲೆಕ್ಕ. ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮತ್ತು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ) ಪರೀಕ್ಷೆಗಳನ್ನು ಆಗಲೇ ಮಾಡಿಸಿ, ಮೂರು ತಿಂಗಳ ನಂತರ ಅದೇ ಪ್ರಯೋಗಾಲಯದಲ್ಲಿ ಮತ್ತೆ ಮಾಡಿಸಿ. ಆ ಮೂರು ತಿಂಗಳು ಬೇರೆ ಹೊಸ ಪಥ್ಯವನ್ನೋ ಪುಡಿಯನ್ನೋ ಸೇರಿಸಬೇಡಿ, ಸೇರಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎರಡು ಚಮಚ ಸಕ್ಕರೆ ಹಾಕಿದ ಕಾಫಿಯ ಬದಲು ಈ ನೀರನ್ನು ದಿನಕ್ಕೆ ಮೂರು ಸಲ ಕುಡಿದವರು ಸಕ್ಕರೆಯೊಂದರಿಂದಲೇ ಸುಮಾರು 120 ಕ್ಯಾಲೊರಿ ಉಳಿಸಿರುತ್ತಾರೆ. ಟೇಪಿನಲ್ಲಿ ಇಳಿಕೆ ಕಂಡರೆ ಅದನ್ನು ಹೈಡ್ರೋಜನ್ನಿನ ಖಾತೆಗೆ ಬರೆಯುವ ಮುನ್ನ ಈ ಲೆಕ್ಕವನ್ನೂ ಕಳೆಯಬೇಕು.